ಕೈಯಲ್ಲಿ ಒಂದು

‘ಎಂಟೂ ಏಳೂ ಹದಿನೈದು, ಐದನ್ನು ಬರೆ, ಕೈಯಲ್ಲಿ ಒಂದು.’ ಸ್ಲೇಟಿನ ಮೇಲೆ ಬಳಪ ಹಿಡಿದು ಲೆಕ್ಕ ಕಲಿತವರಿಗೆಲ್ಲ ಈ ಮಾತು ಪರಿಚಿತವೇ. ಆ ಕೈಯಲ್ಲಿನ ಒಂದನ್ನು ಪಕ್ಕದ ಮನೆಗೆ ಕೂಡಿಸಲು ಮರೆತು ಕಿವಿ ಹಿಂಡಿಸಿಕೊಳ್ಳದ ಹುಡುಗ ನಮ್ಮ ಕಾಲದಲ್ಲಿ ಇದ್ದಿರಲಾರ. ಮುಂದೆ ನಾನೇ ಮೇಷ್ಟರಾದೆ. ಕಾಲೇಜಿನಲ್ಲಿ ಕಿವಿ ಹಿಂಡುವ ಪದ್ಧತಿಯಿಲ್ಲ. ಅಂಕ ಕಳೆಯುವ ಪದ್ಧತಿಯುಂಟು. ಕಿವಿಯ ನೋವು ಸಂಜೆಗೆ ಮಾಯುತ್ತದೆ. ಅಂಕದ ನೋವು ಅಷ್ಟು ಬೇಗ ಮಾಯುವುದಲ್ಲ.

ಮನುಷ್ಯ ಆ ಒಂದನ್ನು ಮರೆತರೆ ಅವನಿಗೆ ಶಿಕ್ಷೆ ಕೊಡಬಹುದು. ಯಂತ್ರವೇ ಮರೆತರೆ? ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ನಿವೃತ್ತನಾಗಿ ಹತ್ತು ವರ್ಷ ಕಳೆದ ಮೇಲೆ, ಒಂದು ಹಳೆಯ ಲೆಕ್ಕದ ಯಂತ್ರವನ್ನು ಬಿಚ್ಚಿಕೊಂಡು ಕುಳಿತಾಗ. ಆ ಯಂತ್ರವನ್ನು ದುರಸ್ತಿ ಮಾಡಿದ ಕಥೆಯನ್ನು ಹೇಳಬೇಕೆಂದು ಹೊರಟಿದ್ದೇನೆ. ದುರಸ್ತಿಯಾದದ್ದು ಯಂತ್ರವೊಂದೇ ಅಲ್ಲವೆಂಬುದು ಓದುಗರಿಗೆ ಮುಂದೆ ತಾನಾಗಿಯೇ ತಿಳಿದೀತು.

೨೦೧೯ರ ಬೇಸಗೆಯಲ್ಲಿ, ನಾನು ಮೊದಲು ಕೆಲಸಕ್ಕೆ ಸೇರಿದ್ದ ಕಾಲೇಜಿಗೆ ಯಾವುದೋ ಕಾಗದದ ಸಲುವಾಗಿ ಹೋಗಿದ್ದೆ. ಸಂಖ್ಯಾಶಾಸ್ತ್ರದ ಪ್ರಯೋಗಶಾಲೆಯ ಮುಂದಿನ ಜಗಲಿಯಲ್ಲಿ ಮುರಿದ ಕುರ್ಚಿಗಳು, ಕಿಟಕಿಯ ಸರಳುಗಳು, ತೂತುಬಿದ್ದ ಬಕೆಟ್ಟುಗಳು ರಾಶಿ ಬಿದ್ದಿದ್ದುವು. ಆ ರಾಶಿಯ ಒಂದು ಬದಿಯಲ್ಲಿ ಗೋಣಿಚೀಲದ ಮೇಲೆ ಸಾಲಾಗಿ ಆರು ಲೆಕ್ಕದ ಯಂತ್ರಗಳು ಕುಳಿತಿದ್ದುವು. ಗುಜರಿಯವನು ತಕ್ಕಡಿ ತರಲು ಹೋಗಿದ್ದ. ಒಂದೊಂದೂ ಐದಾರು ಕಿಲೋ ತೂಗುವ, ಕಪ್ಪು ಬಣ್ಣದ, ಪಕ್ಕಕ್ಕೊಂದು ಹಿಡಿಯುಳ್ಳ ಯಂತ್ರಗಳು. ಒಂದು ಕಾಲದಲ್ಲಿ ಅವನ್ನು ಮುಟ್ಟಬೇಕಾದರೆ ವಿದ್ಯಾರ್ಥಿಗಳು ಪುಸ್ತಕದಲ್ಲಿ ರುಜು ಹಾಕಬೇಕಾಗಿತ್ತು. ಈಗ ಕಬ್ಬಿಣದ ದರ. ನಾನು ಬಗ್ಗಿ, ಪಕ್ಕದಲ್ಲಿ ಕೆಂಪು ಬಣ್ಣದಿಂದ ‘೪’ ಎಂದು ಬರೆದಿದ್ದ ಯಂತ್ರವನ್ನು ಹುಡುಕಿ ತೆಗೆದುಕೊಂಡೆ. “ಒಂದು ಯಾಕೆ ಸಾರ್, ಆರೂ ತಗೊಳ್ಳಿ” ಎಂದು ಅಟೆಂಡರು ಉದಾರವಾಗಿ ಹೇಳಿದ. ನನಗೆ ಬೇಕಾಗಿದ್ದುದು ನಾಲ್ಕನೆಯದು ಮಾತ್ರ. ಏಕೆಂಬುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಮೊದಲು ಯಂತ್ರದ ಪರಿಚಯವಾಗಲಿ.

ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂಥ ಯಂತ್ರವನ್ನು ಕಂಡಿರಲಾರರು. ಇದಕ್ಕೆ ವಿದ್ಯುತ್ತಿನ ಹಂಗಿಲ್ಲ. ಮೈಮೇಲೆ ಒತ್ತೊತ್ತಾಗಿ ಸೀಳುಗಳಿವೆ. ಪ್ರತಿ ಸೀಳಿನಲ್ಲಿಯೂ ಸೊನ್ನೆಯಿಂದ ಒಂಬತ್ತರವರೆಗೆ ಸರಿಯುವ ಒಂದು ಪುಟ್ಟ ಮೊಳೆ. ಬೇಕಾದ ಸಂಖ್ಯೆಯನ್ನು ಈ ಮೊಳೆಗಳಿಂದ ಹೂಡಿ, ಬಲಗಡೆಯ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಕೆಳಗಿನ ಕಿಂಡಿಗಳಲ್ಲಿ ಆ ಸಂಖ್ಯೆ ಮೂಡುತ್ತದೆ. ಇನ್ನೊಂದು ಸುತ್ತು ತಿರುಗಿಸಿದರೆ ಅದರ ಎರಡರಷ್ಟು. ಹಿಂದಕ್ಕೆ ತಿರುಗಿಸಿದರೆ ವ್ಯವಕಲನ. ೩೪೭ನ್ನು ೨೬ರಿಂದ ಗುಣಿಸಬೇಕೆನ್ನೋಣ. ೩೪೭ನ್ನು ಹೂಡಿ ಆರು ಸುತ್ತು. ಬಳಿಕ ಟೈಪ್‌ರೈಟರಿನಲ್ಲಿರುವಂತೆ ಅಡ್ಡಡ್ಡ ಸರಿಯುವ ಕ್ಯಾರಿಯೇಜನ್ನು ಒಂದು ಮನೆ ಸರಿಸಿ ಎರಡು ಸುತ್ತು. ಒಂದು ಸಾಲಿನ ಕಿಂಡಿಗಳಲ್ಲಿ ೯೦೨೨ ಎಂಬ ಉತ್ತರ, ಇನ್ನೊಂದು ಸಾಲಿನಲ್ಲಿ ಎಷ್ಟು ಸಲ ಸುತ್ತಿದೆವೆಂಬುದನ್ನು ತೋರಿಸುವ ೨೬. ಜಾಣರು ೨೯ರಿಂದ ಗುಣಿಸಬೇಕಾದಾಗ ಹನ್ನೊಂದು ಸುತ್ತು ಸುತ್ತುತ್ತಿರಲಿಲ್ಲ. ದಶಕದ ಮನೆಯಲ್ಲಿ ಮೂರು ಸುತ್ತು ಮುಂದಕ್ಕೆ, ಏಕದ ಮನೆಯಲ್ಲಿ ಒಂದು ಸುತ್ತು ಹಿಂದಕ್ಕೆ ಸುತ್ತಿ ಮುಗಿಸುತ್ತಿದ್ದರು. ಭಾಗಾಕಾರವೆಂದರೆ ಕಳೆಯುತ್ತ ಹೋಗುವುದು. ಸೊನ್ನೆಗಿಂತ ಕೆಳಕ್ಕೆ ಇಳಿದೊಡನೆ ಒಳಗಿನಿಂದ ಒಂದು ಗಂಟೆ ‘ಟಿಣ್’ ಎಂದು ಎಚ್ಚರಿಸುತ್ತದೆ. ಆಗ ಒಂದು ಸುತ್ತು ಮುಂದಕ್ಕೆ ಬಂದು ತಪ್ಪನ್ನು ತಿದ್ದಿಕೊಂಡು ಮುಂದಿನ ಮನೆಗೆ ಹೋಗಬೇಕು. ಮಾಡಿದ ತಪ್ಪನ್ನು ಗಂಟೆ ಬಾರಿಸಿ ಹೇಳಿ, ಹಿಂದಿರುಗಲು ದಾರಿಯನ್ನೂ ಬಿಡುವ ಉಪಕರಣಗಳು ಲೋಕದಲ್ಲಿ ಬಹಳವಿಲ್ಲ.

ಈ ಯಂತ್ರದ ಹುಟ್ಟೂ ಒಂದು ದುರಸ್ತಿಯಿಂದಲೇ ಆಯಿತೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಕೂಡುವ ಯಂತ್ರವನ್ನು ಫ್ರಾನ್ಸಿನ ಪಾಸ್ಕಲ್ ೧೬೪೨ರಲ್ಲಿಯೇ, ತೆರಿಗೆಯ ಲೆಕ್ಕದಲ್ಲಿ ಬಳಲುತ್ತಿದ್ದ ತಂದೆಯ ಸಹಾಯಕ್ಕೆಂದು ಕೈಗೆತ್ತಿಕೊಂಡಿದ್ದ. ಗುಣಿಸುವ ಯಂತ್ರವನ್ನು ಅದೇ ಶತಮಾನದಲ್ಲಿ ಜರ್ಮನಿಯ ಲೈಬ್‌ನಿಟ್ಸ್ ಕಲ್ಪಿಸಿದ. ಆ ಕಲ್ಪನೆ ವ್ಯಾಪಾರದ ಸರಕಾಗಿ ಅಂಗಡಿಗೆ ಬಂದುದು ಥಾಮಸ್ ದ ಕೋಲ್ಮಾರ್ ಎಂಬ ಫ್ರೆಂಚನಿಂದ. ಅವನು ತನ್ನ ‘ಅರಿತ್ಮೋಮೀಟರಿ’ಗೆ ೧೮೨೦ರಲ್ಲಿ ಹಕ್ಕುಪತ್ರ ಪಡೆದ. ೧೮೭೧ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಥದೊಂದು ಯಂತ್ರ ಕೆಟ್ಟಿತು. ಅದನ್ನು ಸರಿಪಡಿಸಲು ಕೊಟ್ಟದ್ದು ಲುಡ್ವಿಗ್ ನೊಬೆಲನ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಸ್ವೀಡನ್ನಿನ ಯುವಕ ವಿಲ್ಗಾಟ್ ಓಡ್ನರನಿಗೆ. ಬಿಚ್ಚಿ ನೋಡಿದ ಓಡ್ನರನಿಗೆ, ಇಷ್ಟು ದೊಡ್ಡ ಉರುಳೆಗಳು ಬೇಕೇ, ಇದಕ್ಕಿಂತ ಸರಳವಾಗಿ ಮಾಡಲಾಗದೇ ಎನ್ನಿಸಿತು. ಅವನು ಪ್ರತಿ ಸ್ಥಾನಕ್ಕೂ ಒಂದು ತೆಳುವಾದ ಬಿಲ್ಲೆಯನ್ನು ಮಾಡಿದ. ಅದರೊಳಗೆ ಒಂಬತ್ತು ಹಲ್ಲುಗಳು. ಮೊಳೆಯನ್ನು ಏಳಕ್ಕೆ ಸರಿಸಿದರೆ ಏಳು ಹಲ್ಲುಗಳು ಅಂಚಿನಿಂದ ಹೊರಕ್ಕೆ ಬರುತ್ತವೆ, ಸೊನ್ನೆಗೆ ಸರಿಸಿದರೆ ಎಲ್ಲವೂ ಒಳಕ್ಕೆ ಹೋಗುತ್ತವೆ. ಅಮೆರಿಕದಲ್ಲಿ ಬಾಲ್ಡ್‌ವಿನ್ ಎಂಬಾತನಿಗೂ ಅದೇ ದಶಕದಲ್ಲಿ ಇಂಥ ಯೋಚನೆ ಹೊಳೆದಿತ್ತು. ಆದರೆ ಜಗತ್ತಿನಲ್ಲೆಲ್ಲ ಹಬ್ಬಿದುದು ಓಡ್ನರನ ಸಂತತಿ.

೧೮೯೦ರಲ್ಲಿ ಓಡ್ನರ್ ತನ್ನ ಕಾರ್ಖಾನೆಯಲ್ಲಿ ಯಂತ್ರಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಮಾಡಿಸತೊಡಗಿದ. ೧೮೯೨ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಕಂಪೆನಿಯೊಂದು ಹಕ್ಕನ್ನು ಕೊಂಡು ‘ಬ್ರುನ್ಸ್‌ವಿಗ’ ಎಂಬ ಹೆಸರಿನಿಂದ ಮಾಡತೊಡಗಿತು. ೧೯೧೭ರ ಕ್ರಾಂತಿಯ ತರುವಾಯ ಓಡ್ನರನ ವಂಶದವರು ಸ್ವೀಡನ್ನಿಗೆ ಮರಳಿ ಗೋಥೆನ್‌ಬರ್ಗಿನಲ್ಲಿ ನೆಲೆಸಿದರು. ರಷ್ಯದಲ್ಲಿ ಅದೇ ಯಂತ್ರ ‘ಫೆಲಿಕ್ಸ್’ ಎಂಬ ಹೊಸ ಹೆಸರಿನಿಂದ ೧೯೭೦ರ ದಶಕದವರೆಗೂ ಸುತ್ತುತ್ತಿತ್ತು. ೧೯೩೨ರಲ್ಲಿ ಕಾರ್ಲ್ ರೂಡಿನ್ ಎಂಬ ಯಂತ್ರಜ್ಞ ಮೊಳೆಗಳ ಬದಲು ಹತ್ತು ಗುಂಡಿಗಳನ್ನಿಟ್ಟು ‘ಫೇಸಿಟ್’ ಯಂತ್ರವನ್ನು ರೂಪಿಸಿದ. ನಮ್ಮ ದೇಶದ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಆ ಹೆಸರು ಎಷ್ಟು ಪರಿಚಿತವಾಯಿತೆಂದರೆ, ಯಾವ ಕಂಪೆನಿಯ ಯಂತ್ರವನ್ನು ಕಂಡರೂ ‘ಫೇಸಿಟ್ ಮೆಷಿನ್’ ಎಂದೇ ಕರೆಯುತ್ತಿದ್ದವರುಂಟು. ನನ್ನ ನಾಲ್ಕನೆಯ ಯಂತ್ರದ ಹಣೆಯ ಮೇಲಿದ್ದ ಹೆಸರು ಯಾರೋ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಕುಲ ಮಾತ್ರ ಸ್ಪಷ್ಟ, ಓಡ್ನರನ ಕುಲ.

ನಮ್ಮಲ್ಲಿ ಈ ಯಂತ್ರಗಳು ಮಾಡಿದ ಕೆಲಸ ಅಲ್ಪವಾದುದಲ್ಲ. ೧೯೩೧ರಲ್ಲಿ ಪ್ರೊಫೆಸರ್ ಮಹಲನೋಬಿಸರು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಗೆ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬಂದುದು ೧೯೫೬ರಲ್ಲಿ. ನಡುವಣ ಕಾಲು ಶತಮಾನದ ಲೆಕ್ಕ ಮುಖ್ಯವಾಗಿ ಮನುಷ್ಯರ ಮಣಿಕಟ್ಟಿನ ಬಲದಿಂದಲೇ ನಡೆಯಿತು. ‘ಕಂಪ್ಯೂಟರ್’ ಎಂಬ ಇಂಗ್ಲಿಷ್ ಶಬ್ದಕ್ಕೆ ಮೊದಲು ಲೆಕ್ಕ ಮಾಡುವ ವ್ಯಕ್ತಿ ಎಂದೇ ಅರ್ಥವಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನಮ್ಮ ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿ, ಜಗದ್ವಿಖ್ಯಾತರಾಗಿ, ೨೦೨೩ರಲ್ಲಿ ತೀರಿಕೊಂಡ ಸಿ. ಆರ್. ರಾವ್ ಅವರು ೧೯೪೧ರಲ್ಲಿ ಆ ಸಂಸ್ಥೆಯನ್ನು ಸೇರಿದವರು. ೧೯೪೬ರಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಮಹಲನೋಬಿಸರ ವಿಧಾನದಿಂದ ವಿಶ್ಲೇಷಿಸಿದವರು. ಅಂಥ ಪೀಳಿಗೆಯ ಹಿಂದೆ ಹೆಸರಿಲ್ಲದ ಎಷ್ಟೋ ಕೈಗಳು ಹಿಡಿ ತಿರುಗಿಸಿವೆ. ೧೯೫೦ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಒಂದೊಂದು ಅಂಕಿಯನ್ನು ಓದುವಾಗಲೂ ನನಗೆ ಆ ಕಟಕಟ ಸದ್ದು ಕೇಳಿಸಿದಂತಾಗುತ್ತದೆ.

ಇನ್ನು ನಾಲ್ಕನೆಯ ಯಂತ್ರದ ಮಾತು. ೧೯೭೬ರಲ್ಲಿ ನನಗೆ ಇಪ್ಪತ್ತಾರು ವರ್ಷ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಆ ವೇಳೆಗೆ ಹೊರದೇಶಗಳಲ್ಲಿ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರುಗಳು ಈ ಯಂತ್ರಗಳನ್ನು ಮೂಲೆಗೆ ತಳ್ಳಿಯಾಗಿತ್ತು. ಫೇಸಿಟ್ ಕಂಪೆನಿಯೇ ಕಷ್ಟಕ್ಕೆ ಸಿಕ್ಕಿ ೧೯೭೩ರಲ್ಲಿ ಬೇರೊಂದು ಕಂಪೆನಿಯ ಪಾಲಾಗಿತ್ತು. ನಮ್ಮ ಕಾಲೇಜಿನಲ್ಲಿ ಮಾತ್ರ ಅವೇ ಪ್ರಯೋಗಶಾಲೆಯ ದೇವರುಗಳು. ಪದವಿಯ ಪ್ರಾಯೋಗಿಕ ಪರೀಕ್ಷೆಯ ದಿನ ವಿದ್ಯಾರ್ಥಿಗಳು ಚೀಟಿ ಎತ್ತಿ, ಬಂದ ಸಂಖ್ಯೆಯ ಯಂತ್ರದ ಮುಂದೆ ಕುಳಿತರು. ನಾಲ್ಕನೆಯ ಯಂತ್ರ ಬಂದದ್ದು ಒಬ್ಬ ಹುಡುಗಿಗೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದವಳು. ತರಗತಿಯಲ್ಲಿ ಹೆಚ್ಚು ಮಾತಾಡದವಳು.

ಒಂದು ಲೆಕ್ಕ ಹೀಗಿತ್ತು: ನಲವತ್ತು ಜನರ ಎದೆಯ ಸುತ್ತಳತೆಯನ್ನು ಸೆಂಟಿಮೀಟರುಗಳಲ್ಲಿ ಕೊಟ್ಟಿದೆ, ಸರಾಸರಿಯನ್ನೂ, ಸರಾಸರಿಯಿಂದ ಅಳತೆಗಳು ಎಷ್ಟು ಚದರಿವೆಯೆಂಬುದನ್ನು ಹೇಳುವ ‘ವೇರಿಯನ್ಸ್’ ಎಂಬ ಮಾನವನ್ನೂ ಕಂಡುಹಿಡಿಯಬೇಕು. ಇದಕ್ಕೆ ಯಂತ್ರದಲ್ಲಿ ಒಂದು ಸೊಗಸಾದ ಉಪಾಯವುಂಟು. ಪ್ರತಿ ಸಂಖ್ಯೆಯನ್ನೂ ಅದರಿಂದಲೇ ಗುಣಿಸುತ್ತ, ಕಿಂಡಿಗಳನ್ನು ಅಳಿಸದೆ ಮುಂದುವರಿದರೆ, ಉತ್ತರದ ಸಾಲಿನಲ್ಲಿ ವರ್ಗಗಳ ಮೊತ್ತವೂ ಸುತ್ತುಗಳ ಸಾಲಿನಲ್ಲಿ ಸಂಖ್ಯೆಗಳ ಮೊತ್ತವೂ ಏಕಕಾಲದಲ್ಲಿ ಬೆಳೆಯುತ್ತವೆ. ನಲವತ್ತು ಸಂಖ್ಯೆಗಳಿಗೆ ಸುಮಾರು ಐನೂರು ಸುತ್ತು. ಕೊನೆಯಲ್ಲಿ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆದರೆ ಉತ್ತರ ಬರುತ್ತದೆ.

ಸಂಖ್ಯೆಗಳ ಮೊತ್ತ ಅವಳಿಗೆ ೩,೦೬೮ ಎಂದು ಬಂದಿತ್ತು, ಸರಿಯಾಗಿತ್ತು. ವರ್ಗಗಳ ಮೊತ್ತ ೨,೩೮,೪೧೬ ಬರಬೇಕಾಗಿದ್ದುದು ೨,೨೮,೪೧೬ ಎಂದು ಬಂದಿತ್ತು. ಹತ್ತು ಸಾವಿರ ಕಡಿಮೆ. ಅದರಿಂದ ೭೭.೫೧ ಬರಬೇಕಾದ ಉತ್ತರ ೧೭೨.೪೯ರ ಋಣಸಂಖ್ಯೆಯಾಗಿತ್ತು. ವೇರಿಯನ್ಸ್ ಎಂದರೆ ವರ್ಗಗಳ ಸರಾಸರಿ. ಅದು ಎಂದಿಗೂ ಸೊನ್ನೆಗಿಂತ ಕಡಿಮೆಯಾಗಲಾರದು. ಹುಡುಗಿಗೆ ಅದು ತಿಳಿದಿತ್ತು. ಉತ್ತರದ ಕೆಳಗೆ ಅವಳು ಹೀಗೆ ಬರೆದಿದ್ದಳು: ‘ಈ ಉತ್ತರ ಅಸಾಧ್ಯವಾದುದು. ಲೆಕ್ಕದ ಕ್ರಮ ಸರಿಯಿದೆ. ನಾಲ್ಕನೆಯ ಯಂತ್ರವನ್ನು ಪರೀಕ್ಷಿಸಬೇಕೆಂದು ವಿನಂತಿ.’

ನಾನು ಅನ್ಯಾಯವಾಗಿ ನಡೆದುಕೊಂಡೆನೆಂದು ಆಗ ನನಗೆ ಅನ್ನಿಸಲಿಲ್ಲ; ಬಹು ನ್ಯಾಯವಾಗಿಯೇ ನಡೆದುಕೊಂಡೆನೆಂದು ಭಾವಿಸಿದ್ದೆ. ಪರೀಕ್ಷೆ ಮುಗಿದ ಮೇಲೆ ಅವಳ ಎದುರಿಗೇ ನಾಲ್ಕನೆಯ ಯಂತ್ರದ ಮುಂದೆ ಕುಳಿತು, ನಲವತ್ತು ಸಂಖ್ಯೆಗಳನ್ನೂ ಒಂದೊಂದಾಗಿ ಹೂಡಿ, ಸಾವಧಾನವಾಗಿ ತಿರುಗಿಸಿದೆ. ೨,೩೮,೪೧೬ ಬಂತು. “ನೋಡಮ್ಮ, ಯಂತ್ರ ಸರಿಯಾಗಿಯೇ ಇದೆ. ತಪ್ಪು ನಿನ್ನ ಕೈಯದು, ಯಂತ್ರದ್ದಲ್ಲ” ಎಂದೆ. ಅವಳು ಸ್ವಲ್ಪ ಹೊತ್ತು ಕಿಂಡಿಗಳನ್ನೇ ನೋಡುತ್ತ ನಿಂತಿದ್ದು, “ನನಗೆ ಇಷ್ಟು ಸಮಯ ಇರಲಿಲ್ಲ ಸಾರ್” ಎಂದಳು. ಸಮಯ ಸಾಲಲಿಲ್ಲವೆಂಬುದು ಎಲ್ಲ ವಿದ್ಯಾರ್ಥಿಗಳೂ ಹೇಳುವ ನೆಪ. ಹಾಗೆಂದುಕೊಂಡು ನಾನು ಎಂಟು ಅಂಕಗಳನ್ನು ಕಳೆದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಮಾತಿನ ಮೇಲೆ ರುಜು ಹಾಕಿದರು. ಫಲಿತಾಂಶ ಬಂದಾಗ ಎರಡು ಅಂಕಗಳಿಂದ ಅವಳಿಗೆ ಪ್ರಥಮ ದರ್ಜೆ ತಪ್ಪಿತ್ತು. ಸ್ನಾತಕೋತ್ತರ ತರಗತಿಗೆ ಸೇರಬೇಕೆಂದಿದ್ದವಳು ಸೇರಲಿಲ್ಲವೆಂದು ಮುಂದಿನ ವರ್ಷ ಯಾರೋ ಹೇಳಿದರು. ಆಮೇಲೆ ಅವಳ ಸುದ್ದಿ ತಿಳಿಯಲಿಲ್ಲ.

ಆ ಹತ್ತು ಸಾವಿರ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮನುಷ್ಯರ ತಪ್ಪುಗಳು ಸಾಮಾನ್ಯವಾಗಿ ಒರಟಾಗಿರುತ್ತವೆ. ಒಂದು ಸಂಖ್ಯೆ ಬಿಟ್ಟುಹೋಗುತ್ತದೆ, ಒಂದು ಸುತ್ತು ಹೆಚ್ಚಾಗುತ್ತದೆ. ಹಾಗಾಗಿದ್ದರೆ ಸುತ್ತುಗಳ ಸಾಲಿನಲ್ಲಿಯೂ ತಪ್ಪು ಕಾಣಿಸಬೇಕಿತ್ತು. ಒಂದೇ ಮನೆಯಲ್ಲಿ, ಒಂದೇ ಒಂದು ಕಡಿಮೆಯಾಗುವ ಇಂಥ ಅಚ್ಚುಕಟ್ಟಾದ ತಪ್ಪು ಅಪರೂಪ. ಎಷ್ಟೋ ವರ್ಷಗಳ ತರುವಾಯ, ತರಗತಿಯಲ್ಲಿ ಬೇರೇನನ್ನೋ ಹೇಳುತ್ತಿದ್ದಾಗ ಇದು ಹೊಳೆದು ಕ್ಷಣಕಾಲ ಮಾತು ನಿಂತಿದ್ದುಂಟು. ಜಗಲಿಯ ರಾಶಿಯಲ್ಲಿ ನಾನು ಕೆಂಪು ‘೪’ನ್ನು ಹುಡುಕಿದುದು ಈ ಕಾರಣದಿಂದ.

ಮನೆಗೆ ತಂದ ಯಂತ್ರದ ಹಿಡಿ ಅಲುಗಾಡುತ್ತಿರಲಿಲ್ಲ. ಇಂಥ ಸಮಯದಲ್ಲಿ ಮೊದಲ ನಿಯಮ, ಬಲಪ್ರಯೋಗ ಕೂಡದು. ಒತ್ತಿ ತಿರುಗಿಸಿದರೆ ತಿರುಗಬಹುದು. ಒಳಗೆ ಒಂದು ಹಲ್ಲು ಮುರಿದಿರುತ್ತದೆ. ಹೊರಗವಚದ ತಿರುಪುಗಳಿಗೆ ಎರಡೆರಡು ಹನಿ ಎಣ್ಣೆಯಿಟ್ಟು ಎರಡು ದಿನ ಕಾದೆ. ಬಿಚ್ಚಿದ ಪ್ರತಿ ತಿರುಪನ್ನೂ ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಇಟ್ಟು, ತೆಗೆದ ಕ್ರಮವನ್ನು ಬರೆದುಕೊಂಡೆ. ಹನ್ನೆರಡು ವರ್ಷದ ಮೊಮ್ಮಗಳು ಹಂತಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದಳು. ಆ ಮೊಬೈಲು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುವ ಲೆಕ್ಕವನ್ನು ಈ ಯಂತ್ರ ಒಂದು ಜನ್ಮದಲ್ಲಿ ಮಾಡಲಾರದೆಂದು ಹೇಳಿದಾಗ, ಅವಳು “ಹಾಗಾದರೆ ಇದನ್ನು ಯಾಕೆ ಸರಿಮಾಡ್ತೀರಿ ತಾತ?” ಎಂದು ಕೇಳಿದಳು. ಉತ್ತರ ಹೇಳಲು ನನಗೆ ಆಗ ಬಾಯಿ ಬರಲಿಲ್ಲ.

ಒಳಗೆ ತುಕ್ಕು ನಾನು ಹೆದರಿದಷ್ಟಿರಲಿಲ್ಲ. ಹಿಡಿಯನ್ನು ಕಚ್ಚಿ ಹಿಡಿದಿದ್ದುದು ಹಳೆಯ ಎಣ್ಣೆ. ವರ್ಷಗಟ್ಟಲೆ ಧೂಳು ಕುಡಿದು, ಆರಿ, ಹಲಸಿನ ಅಂಟಿನಂತೆ ಬಿಲ್ಲೆಗಳ ನಡುವೆ ಕುಳಿತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ದಿನಕ್ಕೆರಡು ಗಂಟೆಯಂತೆ ತೊಳೆದೆ. ಹಲ್ಲುಗಳು ಒಂದೊಂದಾಗಿ ಸಡಿಲಿದುವು. ಆಮೇಲೆ ಹೊಲಿಗೆಯಂತ್ರದ ತೆಳು ಎಣ್ಣೆಯನ್ನು ಸೂಜಿಯ ಮೊನೆಯಿಂದ, ಬೇಕಾದ ಕಡೆಗೆ ಮಾತ್ರ. ಹೆಚ್ಚು ಎಣ್ಣೆ ಹಾಕುವುದು ಪ್ರೀತಿಯಲ್ಲ. ನಾಳೆಯ ಅಂಟಿಗೆ ಇಂದೇ ಬೀಜ ಬಿತ್ತಿದಂತೆ.

ಹೀಗೆ ಬಿಚ್ಚಿ ತೊಳೆಯುವಾಗಲೇ ‘ಕೈಯಲ್ಲಿ ಒಂದು’ ಎಂಬುದನ್ನು ನಾನು ಮೊದಲ ಬಾರಿಗೆ ಕಣ್ಣಿನಿಂದ ಕಂಡೆ. ಮೂವತ್ತು ವರ್ಷ ಈ ವಿಷಯದ ಮೇಷ್ಟರಾಗಿದ್ದೂ ನೋಡಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಉತ್ತರದ ಪ್ರತಿ ಕಿಂಡಿಯ ಹಿಂದೆಯೂ ಒಂದು ಅಂಕಿಚಕ್ರವಿದೆ. ಅದು ಒಂಬತ್ತನ್ನು ದಾಟಿ ಸೊನ್ನೆಗೆ ಬರುವಾಗ ತನ್ನ ಪಕ್ಕದ ಒಂದು ಪುಟ್ಟ ಸನ್ನೆಯನ್ನು ತಳ್ಳುತ್ತದೆ. ತಳ್ಳಿದ ಸನ್ನೆ ಹಾಗೆಯೇ ನಿಂತಿರಬೇಕು. ಅದೇ ಯಂತ್ರದ ಜ್ಞಾಪಕ. ಹಿಡಿ ಇನ್ನಷ್ಟು ಸುತ್ತಿದಾಗ ಮುಂದಿನ ಮನೆಯ ಬಿಲ್ಲೆಯಲ್ಲಿರುವ ಒಂದು ಬೇರೆ ಹಲ್ಲು ಬಂದು ಆ ಸನ್ನೆಗೆ ತಾಗಿ, ಪಕ್ಕಕ್ಕೆ ವಾಲಿ, ಮುಂದಿನ ಅಂಕಿಚಕ್ರವನ್ನು ಒಂದು ಮನೆ ಮುಂದಕ್ಕೆ ನೂಕುತ್ತದೆ. ಕೆಲಸ ಮುಗಿದೊಡನೆ ಸನ್ನೆ ಸ್ವಸ್ಥಾನಕ್ಕೆ ಮರಳುತ್ತದೆ. ಈ ಹಲ್ಲುಗಳು ಸುರುಳಿ ಮೆಟ್ಟಿಲಿನಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ, ಏಕದ ಮನೆಯ ಒಂದು ದಶಕಕ್ಕೆ ಸೇರಿದ ಮೇಲೆಯೇ ದಶಕದ ಒಂದು ನೂರಕ್ಕೆ ಹೋಗುತ್ತದೆ. ಸ್ಲೇಟಿನ ಮೇಲೆ ನಾವು ಬಲದಿಂದ ಎಡಕ್ಕೆ ಹೋಗುವ ಕ್ರಮವೇ. ಸನ್ನೆಯನ್ನು ಅಲ್ಲಿ ಅಥವಾ ಇಲ್ಲಿ ಹಿಡಿದು ನಿಲ್ಲಿಸುವುದು ಉಗುರಿನಷ್ಟು ಸಣ್ಣ ಒಂದು ಸ್ಪ್ರಿಂಗು.

ಎಲ್ಲವನ್ನೂ ಮರಳಿ ಜೋಡಿಸಿದ ದಿನ ಇಂಥ ಯಂತ್ರಗಳಿಗೆ ಒಡ್ಡುವ ಕಠಿಣವಾದ ಪರೀಕ್ಷೆಯನ್ನು ಒಡ್ಡಿದೆ: ೯೯೯೯೯೯ಕ್ಕೆ ಒಂದನ್ನು ಕೂಡುವುದು. ಆರು ಮನೆಗಳಲ್ಲಿಯೂ ‘ಕೈಯಲ್ಲಿ ಒಂದು’ ಸಾಲಾಗಿ ಹಾದುಹೋಗಬೇಕು. ಮೆಲ್ಲಗೆ ತಿರುಗಿಸಿದೆ. ಕಟಕಟನೆ ಆರು ಸಣ್ಣ ಸದ್ದು, ಕಿಂಡಿಗಳಲ್ಲಿ ೧೦೦೦೦೦೦. ನನ್ನ ಸಂತೋಷಕ್ಕೆ ಪಾರವಿಲ್ಲ. ಮೊಮ್ಮಗಳು “ನಾನೂ ತಿರುಗಿಸ್ತೀನಿ” ಎಂದು ಕುಳಿತಳು. ಮಕ್ಕಳ ಕೈ, ಸರಸರನೆ ನಾಲ್ಕಾರು ಬಾರಿ ಅದೇ ಲೆಕ್ಕವನ್ನು ಮಾಡಿದಳು. ಒಂದು ಸಲ ನಿಂತು, “ತಾತ, ಇದು ಒಂಬತ್ತು ಲಕ್ಷದ ತೊಂಬತ್ತು ಸಾವಿರ ಅನ್ನುತ್ತೆ” ಎಂದಳು.

“ನೀನು ಸರಿಯಾಗಿ ತಿರುಗಿಸಲಿಲ್ಲ. ತಪ್ಪು ನಿನ್ನ ಕೈಯದು, ಯಂತ್ರದ್ದಲ್ಲ” ಎಂದೆ.

ಮಾತು ಹೊರಬಿದ್ದ ಮೇಲೆ ಅದು ನನ್ನ ಕಿವಿಗೇ ಕೇಳಿಸಿತು. ನಲವತ್ತಮೂರು ವರ್ಷಗಳ ಹಿಂದೆ ಇದೇ ಯಂತ್ರದ ಮುಂದೆ ಕುಳಿತು ಹೇಳಿದ್ದ ಮಾತು. ೧೦೦೦೦೦೦ದ ಬದಲು ೯೯೦೦೦೦. ಕಡಿಮೆಯಾದದ್ದು ಹತ್ತು ಸಾವಿರ. ಐದನೆಯ ಮನೆಗೆ ಹೋಗಬೇಕಾದ ಒಂದು ಹ���ಗಿರಲಿಲ್ಲ.

ಆ ರಾತ್ರಿ ಕವಚವನ್ನು ಮತ್ತೆ ತೆಗೆದು, ಕನ್ನಡಿಯ ಮಸೂರ ಹಿಡಿದು ನೋಡಿದೆ. ಐದನೆಯ ಮನೆಗೆ ಒಂದನ್ನು ಒಯ್ಯುವ ಸನ್ನೆಯ ಸ್ಪ್ರಿಂಗು ಸವೆದು ಸೋತಿತ್ತು. ಮೆಲ್ಲಗೆ ತಿರುಗಿಸಿದರೆ ಸನ್ನೆ ಹೋಗಿ ನಿಲ್ಲುತ್ತಿತ್ತು. ರಭಸದಿಂದ ತಿರುಗಿಸಿದರೆ ತಳ್ಳಿಸಿಕೊಂಡ ಸನ್ನೆ ಆಚೆಯ ಗೋಡೆಗೆ ಬಡಿದು ಒಮ್ಮೊಮ್ಮೆ ಹಿಂದಕ್ಕೆ ನೆಗೆಯುತ್ತಿತ್ತು. ಹಲ್ಲು ಬಂದಾಗ ಅಲ್ಲಿ ಏನೂ ಇರುತ್ತಿರಲಿಲ್ಲ. ಎಂದರೆ, ಸಮಯವಿದ್ದವರಿಗೆ ಈ ಯಂತ್ರ ಸತ್ಯವನ್ನು ಹೇಳುತ್ತಿತ್ತು. ಅವಸರದಲ್ಲಿದ್ದವರಿಗೆ ಸುಳ್ಳು ಹೇಳುತ್ತಿತ್ತು. ‘ನನಗೆ ಇಷ್ಟು ಸಮಯ ಇರಲಿಲ್ಲ ಸಾರ್’ ಎಂಬ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಅದು ನೆಪವಾಗಿರಲಿಲ್ಲ, ರೋಗದ ಲಕ್ಷಣವನ್ನು ಅವಳು ತಿಳಿದೋ ತಿಳಿಯದೆಯೋ ನನ್ನ ಕೈಗೆ ಕೊಟ್ಟಿದ್ದಳು.

ಸ್ಪ್ರಿಂಗನ್ನು ಬದಲಾಯಿಸುವುದು ಒಂದು ಗಂಟೆಯ ಕೆಲಸ. ಆದರೆ ಬದಲಾಯಿಸಿದರೆ ಸಾಕ್ಷ್ಯವೇ ಹೋಗುತ್ತದೆ. ಆದುದರಿಂದ ಮೊದಲು ನನ್ನ ಶಾಸ್ತ್ರ ಕಲಿಸಿದ ರೀತಿಯಲ್ಲಿ ನಡೆದುಕೊಂಡೆ. ೯೦೦೦ಕ್ಕೆ ೧೦೦೦ವನ್ನು ಕೂಡುವ ಲೆಕ್ಕವನ್ನು ನಿಧಾನವಾಗಿ ನೂರು ಸಲ, ಪರೀಕ್ಷೆಯ ಅವಸರದಲ್ಲಿ ತಿರುಗಿಸುವಂತೆ ನೂರು ಸಲ ಮಾಡಿ ಬರೆದುಕೊಂಡೆ. ನಿಧಾನದ ನೂರರಲ್ಲಿ ತಪ್ಪು ಒಂದೂ ಇಲ್ಲ. ಅವಸರದ ನೂರರಲ್ಲಿ ಆರು ಸಲ, ಒಂಬತ್ತು ಸಾವಿರಕ್ಕೆ ಒಂದು ಸಾವಿರ ಕೂಡಿದರೆ ಸೊನ್ನೆ ಎಂದು ಯಂತ್ರ ಹೇಳಿತು. ಆ ಹುಡುಗಿಯ ಮೊತ್ತ ಎರಡು ಲಕ್ಷದ ಮೂವತ್ತೆಂಟು ಸಾವಿರ ಚಿಲ್ಲರೆ. ಅಷ್ಟು ಬೆಳೆಯುವಾಗ ಐದನೆಯ ಮನೆಗೆ ‘ಕೈಯಲ್ಲಿ ಒಂದು’ ಹೋಗಬೇಕಾದದ್ದು ಇಪ್ಪತ್ತಮೂರು ಸಲ. ನೂರಕ್ಕೆ ಆರರಂತೆ ಇಪ್ಪತ್ತಮೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಅವಳಿಗೆ ತಪ್ಪಿದ್ದು ಒಂದು.

ಆದರೂ ವಕೀಲನಂತೆ ಒಂದು ಆಕ್ಷೇಪವನ್ನು ಎತ್ತಿಕೊಂಡೆ. ಸ್ಪ್ರಿಂಗು ಸೋತದ್ದು ೧೯೭೬ರ ಆಮೇಲೆ ಏಕಾಗಿರಬಾರದು? ಈ ಆಕ್ಷೇಪವನ್ನು ನೆಚ್ಚಿಕೊಂಡು ಒಂದು ವಾರ ಸ್ವಲ್ಪ ಸಮಾಧಾನದಿಂದಿದ್ದೆನೆಂದೇ ಹೇಳಬೇಕು. ಕೊನೆಗೆ ಒರೆಸಲು ಉಳಿದಿದ್ದುದು ಯಂತ್ರವನ್ನು ಕೂರಿಸಿದ್ದ ಮರದ ಹಲಗೆ. ಅದನ್ನು ಮಗುಚಿ ತಳಕ್ಕೆ ಮೆತ್ತಿದ್ದ ಮಣ್ಣನ್ನು ಒದ್ದೆ ಬಟ್ಟೆಯಿಂದ ತಿಕ್ಕಿದಾಗ ಕಂಪಾಸಿನ ಮೊನೆಯಿಂದ ಕೊರೆದ ಅಕ್ಷರಗಳು ಕಂಡುವು. ‘೫ – ನಿಧಾನ’ ಎಂದು. ಅದರ ಕೆಳಗೆ ‘೭೪’ ಎಂದು.

ನನ್ನ ಕಾಲಕ್ಕೆ ಮೊದಲೇ, ಪರೀಕ್ಷೆಗೆ ಎರಡು ವರ್ಷ ಮುಂಚೆಯೇ, ಯಾರೋ ವಿದ್ಯಾರ್ಥಿಗೆ ಇದು ಗೊತ್ತಿತ್ತು. ಗೊತ್ತಾದುದನ್ನು ಮುಂದೆ ಬರುವವರಿಗೆಂದು ಬರೆದಿಟ್ಟಿದ್ದ. ಮೇಷ್ಟರ ಕಣ್ಣಿಗೆ ಬೀಳದ ಜಾಗದಲ್ಲಿ ಬರೆದಿದ್ದರಿಂದ, ಚೀಟಿಯಲ್ಲಿ ನಾಲ್ಕನೆಯ ಯಂತ್ರ ಬಂದ ಹುಡುಗಿಯ ಕಣ್ಣಿಗೂ ಅದು ಬಿದ್ದಿರಲಾರದು. ಮೇಷ್ಟರಿಗೇ ಏಕೆ ಹೇಳಲಿಲ್ಲವೆಂದು ನಾವು ಕೇಳಬಹುದು. ಹೇಳದೆ ಏನು? ಒಬ್ಬಳು ಹೇಳಿದ್ದಳು, ಬರವಣಿಗೆಯಲ್ಲಿ, ವಿನಂತಿಪೂರ್ವಕವಾಗಿ.

ಯಂತ್ರವನ್ನು ಮಾಡಿದವರ ಮೇಲೆ ನನಗೆ ದೂರಿಲ್ಲ. ಸ್ಪ್ರಿಂಗು ಎಂದ ಮೇಲೆ ಸೋಲುವುದೇ. ವರ್ಷಕ್ಕೊಮ್ಮೆ ತೆಗೆದು ನೋಡುವುದು ನಮ್ಮ ಕೆಲಸವಾಗಿತ್ತು, ನೋಡಲಿಲ್ಲ. ನಾನು ಪರೀಕ್ಷಿಸಿದ್ದೇನೋ ನಿಜ. ಆದರೆ ನನ್ನ ವೇಗದಲ್ಲಿ ಪರೀಕ್ಷಿಸಿದೆ. ಗಡಿಯಾರದ ಕಡೆಗೆ ಕಣ್ಣಿಟ್ಟು ತಿರುಗಿಸುವವಳ ವೇಗದಲ್ಲಿ ಅಲ್ಲ. ಋಣಸಂಖ್ಯೆಯ ವೇರಿಯನ್ಸ್ ಅಸಾಧ್ಯವೆಂದು ಬರೆದ ಆ ಒಂದು ವಾಕ್ಯ, ಸರಿಯಾದ ಉತ್ತರಕ್ಕಿಂತ ಹೆಚ್ಚಿನ ತಿಳಿವಳಿಕೆಯನ್ನು ತೋರಿಸುತ್ತಿತ್ತು. ನಾನು ಕಿಂಡಿಯೊಳಗಿನ ಅಂಕಿಗೆ ಅಂಕ ಕೊಟ್ಟೆ. ವಾಕ್ಯವನ್ನು ಓದಿಯೂ ಓದಲಿಲ್ಲ.

ಹೊಸ ಸ್ಪ್ರಿಂಗನ್ನು ನಮ್ಮ ಪೇಟೆಯ ಗಡಿಯಾರ ರಿಪೇರಿಯ ಹಿರಿಯರೊಬ್ಬರು ಹಳೆಯದರ ಅಳತೆ ನೋಡಿ ಮಾಡಿಕೊಟ್ಟರು. ಹಾಕಿ, ಮತ್ತೆ ನೂರು ಸಲ ಅವಸರದಿಂದ ತಿರುಗಿಸಿದೆ, ಒಂದೂ ತಪ್ಪಲಿಲ್ಲ. ಮೊಮ್ಮಗಳಿಗೆ ಬೇರೊಂದು ಲೆಕ್ಕ ಕೊಟ್ಟೆ. ಒಂಬತ್ತನೆಯ ಶತಮಾನದಲ್ಲಿ, ನಮ್ಮ ನಾಡನ್ನು ರಾಷ್ಟ್ರಕೂಟರ ಅಮೋಘವರ್ಷ ಆಳುತ್ತಿದ್ದಾಗ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊರಳ ಹಾರದಂತೆ ಸೊಗಸಾದ ಉತ್ತರ ಬರುವ ಗುಣಾಕಾರಗಳನ್ನು ಕೊಟ್ಟಿದ್ದಾನೆ. ೧೫೨೨೦೭ನ್ನು ೭೩ರಿಂದ ಗುಣಿಸುವುದು ಅವುಗಳಲ್ಲಿ ಒಂದು. ಅವಳು ಹೂಡಿ, ಮೂರು ಸುತ್ತು ಸುತ್ತಿ, ಒಂದು ಮನೆ ಸರಿಸಿ, ತನ್ನ ಎಂದಿನ ಸರಸರ ವೇಗದಲ್ಲಿ ಏಳು ಸುತ್ತು ಸುತ್ತಿದಳು. ಕಿಂಡಿಗಳಲ್ಲಿ ಸಾಲಾಗಿ ಎಂಟು ಒಂದುಗಳು ನಿಂತುವು: ೧೧೧೧೧೧೧೧. ಐದನೆಯ ಮನೆಯಲ್ಲಿಯೂ ಒಂದು ಇತ್ತು.

ಯಂತ್ರ ಈಗ ನನ್ನ ಮೇಜಿನ ಮೇಲಿದೆ. ಹೆಸರಿನ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ. ಹಲಗೆಯ ಕೆಳಗಿನ ಬರಹವನ್ನೂ ಉಜ್ಜಿಲ್ಲ. ಸೋತ ಸ್ಪ್ರಿಂಗು ಒಂದು ಲಕೋಟೆಯಲ್ಲಿದೆ. ಇನ್ನೂರು ಸುತ್ತುಗಳ ಲೆಕ್ಕದ ಹಾಳೆಯೂ ಅದರಲ್ಲಿಯೇ ಇದೆ. ಆ ಲಕೋಟೆಯ ಮೇಲೆ ಬರೆಯಲು ನನಗೆ ವಿಳಾಸ ಗೊತ್ತಿಲ್ಲ. ಹಳೆಯ ಸಹೋದ್ಯೋಗಿಗಳನ್ನು ಕೇಳಿದೆ. ಅವಳ ಊರಿನ ಬಸ್ಸು ಯಾವುದೆಂಬುದು ಒಬ್ಬರಿಗೆ ನೆನಪಿತ್ತು, ಅಷ್ಟೆ. ಈಗ ಅವಳೂ ಮೊಮ್ಮಕ್ಕಳಿರುವ ವಯಸ್ಸಿನವಳು. ಇಲ್ಲಿ ಅವಳ ಹೆಸರನ್ನು ಬರೆಯುವ ಹಕ್ಕು ನನಗಿಲ್ಲ. ಈ ಪುಟ ಅವಳ ಕಣ್ಣಿಗೆ ಬಿದ್ದರೆ ಯಂತ್ರದ ಸಂಖ್ಯೆಯೊಂದೇ ಸಾಕು.

ಅಮ್ಮಾ, ನಿಮ್ಮ ಲೆಕ್ಕದ ಕ್ರಮ ಸರಿಯಿತ್ತು. ನಾಲ್ಕನೆಯ ಯಂತ್ರವನ್ನು ಪರೀಕ್ಷಿಸಿದ್ದೇನೆ.